ಹಸಿರು ಬಣ್ಣದ ಕೆಳಗೆ

ಫೋನಿನಲ್ಲಿ ತಮ್ಮನ ಜೊತೆ ಮಾತಾಡುತ್ತಿದ್ದ ಹೆಂಡತಿ ಗಟ್ಟಿಯಾಗಿ ನಕ್ಕಾಗ, ಬಾಯಲ್ಲಿದ್ದ ಚಹಾವನ್ನು ನುಂಗುವುದೋ ಬೇಡವೋ ಎಂದು ಸರ್ವೇಯರನಿಗೆ ತಿಳಿಯಲಿಲ್ಲ. ಅವಳು ತಮ್ಮನ ಜೊತೆ ನಗುವಾಗಲೆಲ್ಲ ಆ ನಗು ತನ್ನ ಮೇಲೆಯೇ ಇರಬೇಕೆಂದು ಅವನಿಗೆ ಅನ್ನಿಸುತ್ತಿತ್ತು; ಬಹಳ ಸಲ ಅದು ನಿಜವೂ ಆಗಿರುತ್ತಿತ್ತು. "ಯಾವ ಗುಡ್ಡ? ಅಯ್ಯೋ, ಅದು ನಿಮ್ಮ ಭಾವ ಅಳತೆ ಮಾಡಿದ ಗುಡ್ಡಾನೇ ಕಣೋ," ಎಂದವಳು ಫೋನನ್ನು ಎದೆಗೆ ಒತ್ತಿಕೊಂಡು ಇವನ ಕಡೆ ತಿರುಗಿದಳು. "ರೀ, ಗುಬ್ಬಿ ಇವತ್ತಿಂದ ನಿಮ್ಮ ಗುಡ್ಡದ ಮೇಲೇ ಕೆಲಸ ಮಾಡ್ತಾನಂತೆ. ನೀರಿನ ಟ್ಯಾಂಕ್ ಕಟ್ತಾರಲ್ಲ, ಅಲ್ಲಿಗೆ ಜೆಸಿಬಿ ತಗೊಂಡು ಹೋಗಿದಾನೆ. ನೆಲ ಗಟ್ಟಿ ಇದ್ಯಾ ಅಂತ ಭಾವನ್ನ ಒಂದ್ಮಾತು ಕೇಳು ಅಂತಿದಾನೆ." ತಮಾಷೆಗೆ ಕೇಳಿದ ಪ್ರಶ್ನೆ. ಅವನು ಗಂಟಲು ಸರಿಮಾಡಿಕೊಂಡು, "ಗಟ್ಟಿ ಇದೆ," ಎಂದ. ಇಲಾಖೆಗೆ ಬರೆದುಕೊಟ್ಟ ವರದಿಯಲ್ಲೂ ಅವನು ಹಾಗೆಯೇ ಬರೆದಿದ್ದ. "ಗಟ್ಟಿ ಇದ್ಯಂತೆ," ಎಂದು ಅವಳು ಫೋನಿಗೆ ಹೇಳಿದಳು. ತನ್ನ ಬಾಯಿಂದ ಅವಳ ಬಾಯಿಗೆ ಹೋದ ಆ ಮಾತು ಎಲ್ಲೋ ಗುಡ್ಡದ ಮೇಲೆ ಯಂತ್ರದ ಸೀಟಿನಲ್ಲಿ ಕೂತ ದಪ್ಪ ಮನುಷ್ಯನ ಕಿವಿಯೊಳಕ್ಕೆ ಇಳಿಯುವುದನ್ನು ಅವನು ಕಣ್ಣಾರೆ ಕಂಡಂತೆ ಕೂತ. ಚಿಕ್ಕವನಿದ್ದಾಗ ಕಡ್ಡಿಯ ಹಾಗಿದ್ದನಂತೆ, ಅದಕ್ಕೇ ಗುಬ್ಬಿ. ಈಗ ಅವನು ಕೂತರೆ ಕುರ್ಚಿ ನರಳುತ್ತಿತ್ತು. ಮನೆಯವರ ಬಾಯಲ್ಲಿ ಹೆಸರು ಮಾತ್ರ ಬೆಳೆಯದೆ ಉಳಿದಿತ್ತು.

ನೆಲ ಗಟ್ಟಿ ಇರಲಿಲ್ಲ. ಇಲ್ಲದಿರಬಹುದು ಎಂದು ಅವನಿಗೆ ಸೋಮವಾರದಿಂದ ಗೊತ್ತಿತ್ತು. ಅವತ್ತು ಕಚೇರಿಯ ಹಳೆಯ ಬೀರುವನ್ನು ಖಾಲಿ ಮಾಡಿಸುವಾಗ, ಅದರ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಸುರುಳಿ ಕೈಗೆ ಬಂದಿತ್ತು. ಬಟ್ಟೆಗೆ ಅಂಟಿಸಿದ, ಮಡಿಕೆಗಳಲ್ಲಿ ಕಂದಿದ ಭೂನಕ್ಷೆ. ಅವನು ಹುಟ್ಟುವ ಮೊದಲೇ ಅಚ್ಚಾದದ್ದು. ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಕೈಗೆ ಸಿಕ್ಕಿದ ವಸ್ತು ಇಟ್ಟು, ಸುಮ್ಮನೆ ಕುತೂಹಲಕ್ಕೆ ಬಗ್ಗಿದವನಿಗೆ ಆ ಗುಡ್ಡದ ಆಕಾರ ತಟ್ಟನೆ ಗುರುತು ಸಿಕ್ಕಿತು. ಎತ್ತರ ತೋರಿಸುವ ಕಂದು ಗೆರೆಗಳು ಒಂದರೊಳಗೊಂದು ಸುತ್ತಿಕೊಂಡು, ದಕ್ಷಿಣದಲ್ಲಿ ಮೂಗಿನ ಹಾಗೆ ಚಾಚಿಕೊಂಡ ಗುಡ್ಡ. ಹೊಸ ನಕ್ಷೆಯಲ್ಲಿ ಆ ಗುಡ್ಡ, ಅದರ ಸುತ್ತಲ ಕಣಿವೆ, ಆಚೆಯ ಹಳ್ಳ ಎಲ್ಲವೂ ಒಂದೇ ಹಸಿರು. ಆ ಹಸಿರನ್ನು ತುಂಬಿಸಿದವನು ಅವನೇ. ಕಾಡು ಅಂದರೆ ಕಾಡು, ಒಳಗೆ ಏನಿದೆ ಎಂದು ಯಾರು ಕೇಳುತ್ತಾರೆ. ಹಸಿರು ಬಳಿದರೆ ಒಂದು ದಿನದ ಕೆಲಸ ಮುಗಿದಂತೆ. ಹಳೆಯ ಹಾಳೆಯಲ್ಲಾದರೆ ಯಾರೋ ಕಾಲಾಡಿಸಿ ನೋಡಿ ಬಂದಿದ್ದರು. ಅಲ್ಲೂ ಹಸಿರಿತ್ತು, ಆದರೆ ತೆಳ್ಳಗೆ, ಅದರೊಳಗಿಂದ ಬೇರೆ ಸಂಗತಿಗಳು ಕಾಣುತ್ತಿದ್ದವು. ಕಣಿವೆಯಿಂದ ಗುಡ್ಡ ಹತ್ತುವ ಗಾಡಿದಾರಿ, ಅದರ ಎರಡೂ ಮಗ್ಗುಲಿಗೆ ಮರಗಳ ಸಾಲನ್ನು ತೋರಿಸುವ ಸಣ್ಣ ಚುಕ್ಕಿಗಳು. ದಾರಿಯ ಪಕ್ಕ ಕಪ್ಪು ಚೌಕಗಳ ಒಂದು ಗುಂಪು, ಮನೆಗಳು. ಒಂದು ಬಾವಿ. ಒಂದು ಸ್ಮಶಾನ. ಅಷ್ಟು ಪುಟ್ಟ ಕೇರಿಗೆ ಅಷ್ಟು ದೊಡ್ಡ ಸ್ಮಶಾನ ಯಾಕೆ ಎಂದು ಅವನು ಯೋಚಿಸುತ್ತಿರುವಾಗಲೇ, ಗಾಡಿದಾರಿ ಗುಡ್ಡದ ನೆತ್ತಿಯ ಹತ್ತಿರ ಮೊಣಕೈಯಂತೆ ಬಾಗುವಲ್ಲಿ, ಸೊಳ್ಳೆ ಕಚ್ಚಿದ ಗುರುತುಗಳಂತೆ ಕೆಲವು ವೃತ್ತಗಳು ಕಂಡವು. ಪಕ್ಕದಲ್ಲಿ ಬರೆದ ಅಕ್ಷರಗಳನ್ನು ಭೂತಕನ್ನಡಿ ಹಿಡಿದು ಓದಿದ: ಕಾಗೆಬಂಗಾರದ ಗುಂಡಿಗಳು, ಕೈಬಿಟ್ಟವು.

ಅವನು ಆ ಗುಡ್ಡದ ಮೇಲೆ ನಿಂತಿದ್ದಾಗ ಬೂಟಿಗೆ ಹತ್ತಿದ ಮಣ್ಣು ಮಿನುಗಿದ್ದು ನೆನಪಾಯಿತು. ಮೈಕಾದ ಹುಡುಗಾಟದ ಮಿನುಗು, ಮಕ್ಕಳು ಬೆರಳಿಂದ ಪದರ ಪದರವಾಗಿ ಬಿಡಿಸಿ ಆಡುವಂಥದ್ದು. ನೆಲದಡಿ ಅದನ್ನು ಅಗೆದು ತೆಗೆಯಲು ಜನ ಇಳಿದಿದ್ದರು, ಅಲ್ಲೇ ಮನೆ ಕಟ್ಟಿದ್ದರು, ಅಲ್ಲೇ ಸತ್ತಿದ್ದರು, ಮತ್ತೆ ಒಂದು ದಿನ ಬಿಟ್ಟು ಹೋಗಿದ್ದರು. ಕಾಡು ಬಂದು ಮುಚ್ಚಿತ್ತು. ಆ ಮೇಲೆ ಅವನು ಬಂದು ಮುಚ್ಚಿದ್ದ. ಬೀರು ಹೊರುತ್ತಿದ್ದ ಜವಾನ, "ಅದನ್ನೂ ಗುಜರಿಗೆ ಹಾಕ್ಲಾ ಸಾರ್?" ಎಂದು ಕೇಳಿದಾಗ, "ಬೇಡ, ಇರ್ಲಿ," ಎಂದು ಸುರುಳಿ ಸುತ್ತಿ ಮೇಜಿನ ಕೆಳಗೆ, ಕಾಲಿನ ಹತ್ತಿರ ಇಟ್ಟುಕೊಂಡ. ನಾಳೆ ಇಂಜಿನಿಯರ್ ಮೇಡಂಗೆ ಹೇಳಿದರಾಯಿತು ಎಂದುಕೊಂಡ. ಮಂಗಳವಾರ ಅವರು ಊರಲ್ಲಿರಲಿಲ್ಲ. ಬುಧವಾರ ಇದ್ದರು, ಕಾರಿಡಾರಿನಲ್ಲಿ ಎದುರೇ ಬಂದರು, ಅವನು ಗಂಟಲು ಸರಿಮಾಡಿಕೊಂಡ, ಅವರು ಮೊಬೈಲು ನೋಡುತ್ತಾ, "ಟ್ಯಾಂಕಿಂದು ಎಲ್ಲ ಕ್ಲಿಯರ್ ಅಲ್ವಾ ಸರ್ವೇಯರ್ ಅವರೇ?" ಎಂದರು, ಅವನ ತಲೆ ತಾನೇ ಹೂಂ ಎಂದು ಆಡಿಬಿಟ್ಟಿತು. ಈ ಹೆಂಗಸು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಳತೆಯ ಉಪಕರಣವನ್ನು ಹೇಗೆ ನಿಲ್ಲಿಸಬೇಕೆಂದು ತೋರಿಸಿಕೊಟ್ಟವನೇ ಅವನು. ಈಗ ಅವರು ಮೀಟಿಂಗಿನಲ್ಲಿ ಎಲ್ಲರೆದುರು ನಯವಾಗಿಯೇ, "ಅದನ್ನ ಆಗ್ಲೇ ಹೇಳಿದ್ರಿ, ಮುಂದಿಂದು ಹೇಳಿ," ಎನ್ನುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಬೈಯುವುದಿಲ್ಲ, ವಿಚಾರಿಸುತ್ತಾರೆ. ಗುಡ್ಡವನ್ನು ನೀವೇ ನಡೆದು ನೋಡಿದ್ರಾ ಎಂದು ಕೇಳುತ್ತಾರೆ. ಅವತ್ತು ಬಿಸಿಲು ಜೋರಾಗಿತ್ತು, ಮುಳ್ಳುಕಂಟಿ ಬೆಳೆದಿತ್ತು, ನೆತ್ತಿಯ ಒಂದು ಮಗ್ಗುಲು ಮಾತ್ರ ನೋಡಿ ಉಳಿದದ್ದನ್ನು ಮರದ ನೆರಳಲ್ಲಿ ಕೂತು ಬರೆದೆ ಎಂದು ಯಾವ ಬಾಯಲ್ಲಿ ಹೇಳುವುದು?

ಈಗ ಗುಬ್ಬಿ ಅಲ್ಲಿದ್ದ. ಹೆಂಡತಿ ಒಳಗೆ ಹೋದ ಮೇಲೆ ಸರ್ವೇಯರನೇ ಅವನಿಗೆ ಫೋನು ಮಾಡಿದ. ಹಿಂದಿನಿಂದ ಯಂತ್ರದ ಗುರುಗುಟ್ಟುವ ಸದ್ದು. "ಏನ್ ಭಾವ, ಯಾವತ್ತೂ ಇಲ್ದೆ ನೀವು ಫೋನ್ ಮಾಡಿದೀರ? ನೆಲಕ್ಕೆ ಏನಾದ್ರೂ ಜ್ವರ ಬಂದಿದ್ಯಾ?" ಎಂದ ಗುಬ್ಬಿ, ಪಕ್ಕದಲ್ಲಿ ಯಾರೋ ನಕ್ಕರು. "ಅಂದ್ರೆ..." ಎಂದು ಇವನು ಶುರುಮಾಡಿದ. "ಅಂದ್ರೆ ಏನಾಗುತ್ತೆ ಅಂದ್ರೆ," ಎಂದು ಗುಬ್ಬಿ ಅತ್ತಲಿಂದ ಇವನದೇ ದನಿಯಲ್ಲಿ ಮಾತು ಮುಗಿಸಿ, ತಾನೇ ನಕ್ಕು, "ಸಿಗ್ನಲ್ ಸರಿಯಾಗಿಲ್ಲ ಭಾವ, ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟ. ಮಾವನ ಮನೆಯಲ್ಲಿ ಎಲ್ಲರೂ ಸೇರಿದಾಗಿನ ಆಟ ಅದು. ಗುಬ್ಬಿ ಎದ್ದು ನಿಂತು, ಹೊಟ್ಟೆ ಒಳಗೆಳೆದುಕೊಂಡು, ಭುಜ ಕುಗ್ಗಿಸಿ, ಎರಡು ಸಲ ಕೆಮ್ಮಿ, ಅಂದ್ರೆ ಏನಾಗುತ್ತೆ ಅಂದ್ರೆ ಎನ್ನುತ್ತಿದ್ದ. ಅಷ್ಟಕ್ಕೇ ಮಕ್ಕಳು ಉರುಳಾಡಿ ನಗುತ್ತಿದ್ದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಹೆಂಡತಿ ಮೊದಲ ಸಲ ಅವನ ಮುಖ ನೋಡಿ ನಗು ತಡೆದಿದ್ದಳು. ಎರಡನೆಯ ಸಲ ತಡೆಯಲಿಲ್ಲ. ಅವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು.

ಕಚೇರಿಗೆ ಹೋಗಿ ಸುರುಳಿ ತೆಗೆದುಕೊಂಡು, ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಅವನು ಗುಡ್ಡದ ದಾರಿ ಹಿಡಿದ. ಪೇಟೆ ಮುಗಿದು, ಗೋದಾಮುಗಳು ಮುಗಿದು, ಟಾರು ಹೋಗಿ ಜಲ್ಲಿ ಬಂತು. ಕಾಡಿನೊಳಗೆ ಹೊಕ್ಕ ಮೇಲೆ ಗಾಳಿ ತಣ್ಣಗಾಯಿತು, ಆದರೆ ಅವನ ಬೆನ್ನು ಒದ್ದೆಯಾಗಿಯೇ ಇತ್ತು. ಹ್ಯಾಂಡಲಿಗೆ ತಾಗಿ ಅಲುಗುತ್ತಿದ್ದ ನಕ್ಷೆ ಪಕ್ಕದಲ್ಲಿ ಕೂತ ಜೀವದಂತೆ ಇತ್ತು. ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತಾ ಹೋದ. ಮೇಡಂ, ಒಂದು ಸಣ್ಣ ವಿಷಯ. ಸಣ್ಣದು ಬೇಡ. ಮೇಡಂ, ಒಂದು ಹಳೇ ಹಾಳೆ ಸಿಕ್ಕಿದೆ. ಯಾವಾಗ ಸಿಕ್ಕಿತು? ಪ್ರತಿ ಸಲವೂ ವಾಕ್ಯ ಆ ಪ್ರಶ್ನೆಯ ಮುಂದೆ ಹೋಗಿ ನಿಲ್ಲುತ್ತಿತ್ತು, ಮುಚ್ಚಿದ ಗೇಟಿನ ಮುಂದೆ ನಿಂತ ದನದ ಹಾಗೆ.

ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿದ್ದರು. ಕೆಂಪು ಮಣ್ಣು ಗಾಯದಂತೆ ತೆರೆದು, ಅಲ್ಲಲ್ಲಿ ಬಿಸಿಲಿಗೆ ಮಿನುಗುತ್ತಿತ್ತು. ಒಂದು ಬದಿಯಲ್ಲಿ ಕಬ್ಬಿಣದ ಸರಳುಗಳ ರಾಶಿ, ಸಿಮೆಂಟಿನ ಚೀಲಗಳು. ಕಾಡಿನಂಚಿಗೆ ತಾಗಿದಂತೆ ಕೆಲಸಗಾರರು ಅಡಿಗೆ ಮಾಡಿಕೊಳ್ಳುವ ತಗಡಿನ ಶೆಡ್ಡು, ಅದರಿಂದ ಹೊಗೆ. ಮೇಡಂ ತಲೆಗೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಮೇಸ್ತ್ರಿಯ ಜೊತೆ ಮಾತಾಡುತ್ತಿದ್ದರು. ಅವನು ಮಾತಿಲ್ಲದೆ ನಕ್ಷೆಯನ್ನು ಸಿಮೆಂಟಿನ ಚೀಲಗಳ ಮೇಲೆ ಹರಡಿದ. ಅವರು ಬಗ್ಗಿ ನೋಡಿದರು. ಬೆರಳಿಂದ ಕಂದು ಗೆರೆಗಳನ್ನು ಹಿಡಿದು ಮೇಲೆ ಹತ್ತಿ, ವೃತ್ತಗಳ ಹತ್ತಿರ ನಿಲ್ಲಿಸಿದರು. "ಇದು ಯಾವಾಗ ಸಿಕ್ತು ನಿಮಗೆ?" "ಇವತ್ತು ಬೆಳಿಗ್ಗೆ," ಎಂದ ಅವನು. ಆ ಮಾತಿಗೆ ಮಾತ್ರ ಗಂಟಲು ತೊಡರಲಿಲ್ಲ. "ಬೆಳಿಗ್ಗೆ ಸಿಕ್ಕಿದ ಕೂಡ್ಲೇ ಬಂದ್ರಲ್ಲ, ಒಳ್ಳೇದು," ಎಂದರು ಅವರು, ಪ್ರಾಮಾಣಿಕವಾಗಿ. "ಮೇಸ್ತ್ರಿ, ಎಲ್ಲ ಕೆಲ್ಸ ನಿಲ್ಸಿ. ಒಬ್ರೂ ಅಗೆಯೋದು ಬೇಡ." ಮೇಸ್ತ್ರಿ ಇವನನ್ನು ಕೆಳಗಿಂದ ಮೇಲೆ ನೋಡಿದ. "ನೀವೇ ಅಲ್ವಾ ಸಾರ್ ಗಟ್ಟಿ ಅಂತ ಬರೆದಿದ್ದು? ಈಗ ಪೊಳ್ಳು ಅಂತೀರ. ನೆಲ ಅದೇ ಇದೆ, ಮಾತು ಮಾತ್ರ ಬದಲಾಯ್ತು." "ಗುಂಡಿ ಎಲ್ಲಿದೆ ಅಂತ ತೋರಿಸ್ತೀರಾ?" ಎಂದರು ಮೇಡಂ. "ತೋರಿಸಿ. ಅಲ್ಲೇ ಅಗೆದು ನೋಡೋಣ."

ಅವನು ತೋರಿಸಿದ. ಕಣಿವೆಯಿಂದ ಬರುವ ಜೀಪಿನ ದಾರಿ ನೆತ್ತಿಯ ಹತ್ತಿರ ಬಲಕ್ಕೆ ತಿರುಗುತ್ತಿತ್ತು. ನಕ್ಷೆಯಲ್ಲೂ ದಾರಿ ಹಾಗೇ ತಿರುಗುತ್ತಿತ್ತು. ತಿರುವಿನ ಒಳಮಗ್ಗುಲಿಗೆ ಗುಂಡಿಗಳು. ಟೇಪು ಹಿಡಿದು ಅಳೆದು, ಸುಣ್ಣದ ಪುಡಿಯಲ್ಲಿ ಒಂದು ದೊಡ್ಡ ವೃತ್ತ ಎಳೆದ. ಸುಣ್ಣ ಬೂಟಿನ ಮೇಲೂ ಬಿತ್ತು. ಕೆಲಸ ನಿಂತು ಪುಕ್ಕಟೆ ಬಿಡುವು ಸಿಕ್ಕಿದ ಜನ ಸುತ್ತ ನಿಂತು ನೋಡುತ್ತಿದ್ದರು. ಗುಬ್ಬಿ ಯಂತ್ರದ ಬಾಗಿಲಿಗೆ ಒರಗಿ, ಎರಡು ಕೈ ಕಟ್ಟಿಕೊಂಡು, ಹಲ್ಲು ಬಿಟ್ಟು ನಿಂತಿದ್ದ. "ಭಾವ, ರಂಗೋಲಿ ಚೆನ್ನಾಗಿದೆ. ಮಧ್ಯದಲ್ಲಿ ನನ್ನ ಕೂರಿಸ್ತೀರಾ?" ಜನ ನಕ್ಕರು. "ನೀನು ಅಗೀಬೇಡ," ಎಂದ ಅವನು ಮೆಲ್ಲಗೆ, ಹತ್ತಿರ ಹೋಗಿ. "ಬೇರೆ ಯಾರಿಗಾದ್ರೂ ಹೇಳು." "ಬೇರೆ ಯಾರು ಭಾವ? ಡ್ರೈವರ್ ಇರೋದು ನಾನೊಬ್ನೇ. ಅಂಚಲ್ಲಿ ನಿಂತು ಕೈ ಚಾಚಿ ಅಗಿತೀನಿ, ಹೆದರ್ಕೋಬೇಡಿ." ಅಷ್ಟು ಹೇಳಿ ಮೆಟ್ಟಿಲು ಹತ್ತಿದ. ಸೀಟು ಕಿರುಗುಟ್ಟಿತು.

ಯಂತ್ರದ ಬಕೆಟ್ಟು ನೆಲಕ್ಕೆ ಇಳಿಯಿತು. ಮೊದಲ ಹೊಡೆತಕ್ಕೆ ಮಣ್ಣು ಬಂತು. ಎರಡನೆಯದಕ್ಕೆ ಕಲ್ಲಿನ ಕಿರುಚು. ಗುಬ್ಬಿ ಅಂಚಿನಲ್ಲಿ ನಿಲ್ಲಲಿಲ್ಲ. ಎರಡು ಹೊಡೆತ ಹಾಕಿ ಧೈರ್ಯ ಬಂದವನಂತೆ ಯಂತ್ರವನ್ನು ವೃತ್ತದೊಳಕ್ಕೇ ತಂದ. ಚಕ್ರಗಳು ಸುಣ್ಣದ ಗೆರೆ ದಾಟಿದವು. ಮತ್ತೆ ಕಲ್ಲು. ಮತ್ತೆ ಕಲ್ಲು. ಮೇಡಂ ತುಟಿ ಕಚ್ಚಿಕೊಂಡು ನೋಡುತ್ತಿದ್ದರು, ಮೇಸ್ತ್ರಿ ಗಡಿಯಾರ ನೋಡಿಕೊಂಡ. ಆಗ, ಯಂತ್ರದ ಆರ್ಭಟದ ನಡುವೆ, ಅವನೊಳಗೆ ಯಾರೋ ಸ್ಪಷ್ಟವಾಗಿ, ಬೀಳಲಿ, ಎಂದರು. ಯಾರು ಎಂದು ಅವನು ಹುಡುಕಿದ. ಕುಸಿಯಲಿ, ಈಗ, ಇವರೆಲ್ಲರ ಕಣ್ಣೆದುರು, ಒಂದು ಗಜವಾದರೂ ಕುಸಿಯಲಿ. ಬಾಯಿ ತೆರೆದುಕೊಳ್ಳಲಿ, ಯಂತ್ರ ಒಂದು ಮಗ್ಗುಲಿಗೆ ವಾಲಲಿ, ಆ ನಗುವ ಮುಖದ ಮೇಲೆ ಒಂದು ಸಲ ಹೆದರಿಕೆ ಕಾಣಲಿ. ಆ ದನಿಗೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಇರಲಿಲ್ಲ. ಅದು ತನ್ನದೇ ಎಂದು ಅವನಿಗೆ ತಿಳಿಯಿತು. ಯಂತ್ರದಲ್ಲಿ ಕೂತವನು ಹೆಂಡತಿಯ ತಮ್ಮ. ಮದುವೆಯ ದಿನ ಇವನ ಚಪ್ಪಲಿ ಕಳೆದುಹೋದಾಗ ತನ್ನದನ್ನೇ ಬಿಚ್ಚಿಕೊಟ್ಟು ಬರಿಗಾಲಲ್ಲಿ ಓಡಾಡಿದ ಹುಡುಗ. ಇವನ ಮಗಳಿಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು. ಇಷ್ಟನ್ನೂ ನೆನೆಸಿಕೊಂಡ, ನೆನೆಸಿಕೊಳ್ಳುತ್ತಲೇ ಅವನ ಕಣ್ಣು ಚಕ್ರದ ಕೆಳಗಿನ ಮಣ್ಣನ್ನು ಬಿಡದೆ ನೋಡುತ್ತಿತ್ತು, ಒಂದು ಬಿರುಕಿಗಾಗಿ.

ಬಿರುಕು ಬಿಡಲಿಲ್ಲ. ಗುಬ್ಬಿ ಬಕೆಟ್ಟನ್ನು ಮುಷ್ಟಿಯಂತೆ ಮಡಚಿ ಬಂಡೆಯ ಮೇಲೆ ಧಡ್ ಧಡ್ ಎಂದು ಗುದ್ದಿದ, ಬಾಗಿಲು ಬಡಿದು ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುವವನಂತೆ. ಎಂಜಿನ್ನು ನಿಲ್ಲಿಸಿ, ಇಳಿದು ಬಂದು, ವೃತ್ತದ ನಡುವೆ ನಿಂತು, ತನ್ನ ಅಷ್ಟೂ ಭಾರದಿಂದ ಒಂದು ಸಲ ಎಗರಿದ. ಹೊಟ್ಟೆ ಒಳಗೆಳೆದುಕೊಂಡ. ಭುಜ ಕುಗ್ಗಿಸಿದ. ಎರಡು ಸಲ ಕೆಮ್ಮಿದ. "ಅಂದ್ರೆ ಏನಾಗುತ್ತೆ ಅಂದ್ರೆ," ಎಂದ. ನಗು ಗುಡ್ಡದ ಮೇಲೆಲ್ಲ ಹರಡಿತು. ಇವನ ಪರಿಚಯವೇ ಇಲ್ಲದವರೂ ನಕ್ಕರು. ಅಷ್ಟು ಚೆನ್ನಾಗಿತ್ತು ಆ ಅನುಕರಣೆ. ಮೇಡಂ ಮುಖ ತಿರುಗಿಸಿಕೊಂಡರು; ಅವರ ಹೆಲ್ಮೆಟ್ಟು ಸಣ್ಣಗೆ ಅಲುಗುತ್ತಿದ್ದುದು ಅವನಿಗೆ ಕಾಣಿಸಿತು. "ಇರ್ಲಿ ಬಿಡಿ," ಎಂದರು ಆಮೇಲೆ, ನಕ್ಷೆಯನ್ನು ಸುತ್ತಿ ಅವನ ಕೈಗೆ ಕೊಡುತ್ತಾ. "ಹಳೇ ಕಾಲದ ಹಾಳೆ, ಅವರೂ ತಪ್ಪು ಮಾಡಿರಬಹುದು. ಊಟದ ಹೊತ್ತಾಯ್ತು. ಎಲ್ಲ ಊಟ ಮಾಡಿ ಬನ್ನಿ, ಆಮೇಲೆ ಶುರು ಮಾಡೋಣ." ಬೇರೆ ದಿನ ಸರದಿಯಲ್ಲಿ ಉಣ್ಣುತ್ತಿದ್ದವರು ಇವತ್ತು ಕೆಲಸವಿಲ್ಲದ್ದರಿಂದ ಒಟ್ಟಿಗೇ ಶೆಡ್ಡಿನ ಕಡೆ ನಡೆದರು.

ಅವನು ಯಾರ ಕಣ್ಣಿಗೂ ಬೀಳದ ಒಂದು ಜಾಗ ಬೇಕಾಗಿ ಶೆಡ್ಡನ್ನು ಬಳಸಿ ಹಿಂದಿನ ಕಾಡಿನಂಚಿಗೆ ಹೋದ. ಉಚ್ಚೆ ಹೊಯ್ಯುವ ನೆಪ. ನಿಂತ ಮೇಲೆ ನಿಜಕ್ಕೂ ಬಂತು. ಶೆಡ್ಡಿನೊಳಗಿಂದ ತಟ್ಟೆಗಳ ಸದ್ದು, ನಗು, ಮತ್ತೆ ಯಾರೋ ಕೆಮ್ಮುವ ಆಟ. ಮುಖ ಎಲ್ಲಿಡುವುದೆಂದು ತಿಳಿಯದೆ ಅವನು ಎದುರಿನ ಮರವನ್ನು ನೋಡಿದ. ಹಳೆಯ ಮರ, ತೊಗಟೆ ನುಣುಪು, ಬಿಳಿಚಿಕೊಂಡ ಬೂದು. ಸುತ್ತಲಿನ ಕಾಡಿನ ಮರಗಳೆಲ್ಲ ಒರಟು ತೊಗಟೆಯವು. ಅದರಾಚೆ ಅಂಥದೇ ಇನ್ನೊಂದು ಇತ್ತು. ಅದರಾಚೆ ಮತ್ತೊಂದು. ನಡುವೆ ಪೊದೆ, ಬಳ್ಳಿ, ಬಿದ್ದ ಕೊಂಬೆ ಏನೇನೋ ತುಂಬಿಕೊಂಡಿದ್ದರೂ ಬೂದು ಕಾಂಡಗಳ ನಡುವಿನ ಅಂತರ ಒಂದೇ ಸಮ. ಕಾಡು ಹಾಗೆ ಬೆಳೆಯುವುದಿಲ್ಲ. ಪ್ಯಾಂಟಿನ ಗುಂಡಿ ಹಾಕುವುದನ್ನೂ ಮರೆತು ಅವನು ತಿರುಗಿ ನೋಡಿದ; ಎದುರು ಬದಿಯಲ್ಲೂ ಅಂಥದೇ ಸಾಲು, ಇದಕ್ಕೆ ಜೋಡಿಯಾಗಿ, ಗಾಡಿ ಹೋಗುವಷ್ಟು ಜಾಗ ಬಿಟ್ಟು. ನಕ್ಷೆಯ ಚುಕ್ಕಿಗಳು. ಗಾಡಿದಾರಿ ಎಂದುಕೊಂಡು ಅವನು ತೋರಿಸಿದ್ದು ಮೊನ್ನೆ ಮೊನ್ನೆ ಕಡಿದ ಜೀಪಿನ ದಾರಿಯನ್ನು. ಗಾಡಿದಾರಿ ಇಲ್ಲಿತ್ತು. ಎರಡು ಸಾಲೂ ಕಣಿವೆಯಿಂದ ಏರಿ ಬಂದು, ಇಲ್ಲಿಯೇ, ಅವನ ಕಣ್ಣೆದುರೇ, ನಿಧಾನಕ್ಕೆ ಮೊಣಕೈಯಂತೆ ಬಾಗುತ್ತಿದ್ದವು. ಬಾಗುವಿನ ಒಳಮಗ್ಗುಲಿಗೆ ಶೆಡ್ಡಿತ್ತು.

ಮತ್ತೆ ಹೋಗಿ ಹೇಳಬೇಕು. ಕಾಲು ಮುಂದಿಡುವ ಮೊದಲೇ ಆ ನಗು ಕಿವಿಗೆ ಬಡಿಯಿತು, ಇನ್ನೂ ಯಾರೂ ನಗದಿದ್ದ ನಗು. ಮತ್ತೊಮ್ಮೆ ತಪ್ಪಾಗಿದ್ದರೆ? ಇವತ್ತೊಂದೇ ದಿನದಲ್ಲಿ ಎರಡು ಸಲ. ಊಟ ಮುಗಿಸಿ ಅವರೇ ಎದ್ದು ಬರುತ್ತಾರೆ. ಇಷ್ಟು ದಿನ ಅಲ್ಲೇ ಉಂಡಿದ್ದಾರೆ, ಏನೂ ಆಗಿಲ್ಲ. ಆಮೇಲೆ ಮೇಡಂ ಒಬ್ಬರನ್ನೇ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬಹುದು. ಹೀಗೆ ಲೆಕ್ಕ ಹಾಕುತ್ತಾ ಮರಕ್ಕೆ ಕೈ ಊರಿ ನಿಂತವನಿಗೆ ಎಂಜಿನ್ನು ಮತ್ತೆ ಶುರುವಾದ ಸದ್ದು ಕೇಳಿತು. ಶೆಡ್ಡಿನ ಮೂಲೆಯಿಂದ ಇಣುಕಿದ. ಬಿಸಿಲಿಗೆ ಸೀಟು ಕಾಯುತ್ತದೆಂದು ಗುಬ್ಬಿ ಯಂತ್ರವನ್ನು ಶೆಡ್ಡಿನ ನೆರಳಿಗೆ ತರುತ್ತಿದ್ದ. ಒಳಗೆ ಎರಡು ಸಾಲಾಗಿ ಕೂತ ಜನ, ಒಲೆಯ ಮುಂದೆ ಬಗ್ಗಿದ ಅಡಿಗೆಯವಳು, ಕೈಯಲ್ಲಿ ತಟ್ಟೆ ಹಿಡಿದು ಕಂಬಕ್ಕೆ ಒರಗಿದ ಮೇಡಂ. ಅವರ ಕಡೆಗೆ ಆನೆಯಂತೆ ತೂಗುತ್ತಾ ಬರುತ್ತಿರುವ ಅಷ್ಟು ದೊಡ್ಡ ಕಬ್ಬಿಣ. ಇಷ್ಟು ಜನರನ್ನು ಒಂದೇ ಕಡೆ, ಒಂದೇ ಹೊತ್ತಿಗೆ ತಂದು ಕೂರಿಸಿದವನು ತಾನು.

ಅವನು ಕೂಗಿದ. ಕೂಗು ಹೊರಡುವ ಮೊದಲು ಕೆಮ್ಮು ಬಂತು, ಮತ್ತೆ ಕೆಮ್ಮು. ಒಳಗಿದ್ದವರು ತಲೆಯೆತ್ತಿ ನೋಡಿ, ಅಸಲಿ ಬಂತು ನೋಡಿ ಎಂದು ಹೋ ಎಂದು ನಕ್ಕರು. "ಏಳಿ," ಎಂದ. "ಎಲ್ಲ ಏಳಿ, ಇಲ್ಲೇ ಇರೋದು ಗುಂಡಿ, ನಾನು ತಪ್ಪು ತೋರ್ಸಿದ್ದೆ." "ಊಟ ಆಗ್ಲಿ ಸಾರ್," ಎಂದ ಮೇಸ್ತ್ರಿ, "ಸಂಜೆ ಹೊತ್ತಿಗೆ ನಮ್ಮ ಮನೆ ಕೆಳಗೂ ಒಂದು ಗುಂಡಿ ಹುಡುಕಿ ಕೊಡಿ." ಯಂತ್ರ ಬರುತ್ತಲೇ ಇತ್ತು. ಅವನು ಓಡಿದ. ಯಾವತ್ತೂ ಓಡದ ಮನುಷ್ಯ, ಕಂಕುಳಲ್ಲಿ ನಕ್ಷೆ, ಪ್ಯಾಂಟಿನ ಬಿಚ್ಚಿದ ಗುಂಡಿ ಹಾಗೆಯೇ ಇದ್ದಂತೆ, ಯಂತ್ರದ ಮುಂದೆ ಹೋಗಿ ಎರಡು ಕೈ ಅಗಲಿಸಿ ನಿಂತ. ಬ್ರೇಕು ಕಿರುಚಿತು. ಬಕೆಟ್ಟಿನ ಹಲ್ಲು ಅವನ ಅಂಗಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಗುಬ್ಬಿ ಇಳಿದು ಬಂದ. ಮುಖ ಕೆಂಪಾಗಿತ್ತು, ಒಂದು ಚೂರೂ ನಗುವಿರಲಿಲ್ಲ. "ಸಾಯ್ಬೇಕು ಅಂತ ಇದೀರಾ ಭಾವ? ನಾನು ನೋಡದೇ ಇದ್ದಿದ್ರೆ? ಅಕ್ಕನಿಗೆ ನಾನು ಏನ್ ಮುಖ ತೋರಿಸ್ಲಿ?" ತೋಳು ಹಿಡಿದು ಪಕ್ಕಕ್ಕೆ ಎಳೆಯಲು ಬಂದವನ ಮಣಿಕಟ್ಟನ್ನು ಇವನೇ ಹಿಡಿದುಕೊಂಡ. ಏನೋ ಹೇಳಲು ನೋಡಿದ. ಗಾಡಿದಾರಿ, ಮರದ ಸಾಲು, ಬಾಗು, ಯಾವ ಪದವೂ ಬರಲಿಲ್ಲ. ಹಿಡಿದ ಕೈ ಮಾತ್ರ ನಡುಗುತ್ತಿತ್ತು. ಆ ನಡುಕ ಗುಬ್ಬಿಯ ದಪ್ಪ ತೋಳಿನ ಉದ್ದಕ್ಕೂ ಹತ್ತಿ ಹೋಗುವುದು ಇಬ್ಬರಿಗೂ ತಿಳಿಯುತ್ತಿತ್ತು. ಇಷ್ಟು ವರ್ಷದ ನಂಟಿನಲ್ಲಿ ಇವನು ಅವನನ್ನು ಹೀಗೆ ಹಿಡಿದದ್ದು ಇದೇ ಮೊದಲು.

ಗುಬ್ಬಿ ಅವನ ಮುಖವನ್ನು ನೋಡಿದ. ಕಣ್ಣು ಕೆಳಗೆ ಇಳಿದು ತೆರೆದ ಪ್ಯಾಂಟಿನ ಮೇಲೆ ಒಂದು ಕ್ಷಣ ನಿಂತಿತು. ಈಗ ಹೇಳುತ್ತಾನೆ, ಎಲ್ಲರಿಗೂ ಕೇಳುವಂತೆ, ಎಂದು ಇವನು ಕಾದ. ಗುಬ್ಬಿ ಒಂದು ಹೆಜ್ಜೆ ಸರಿದು ತನ್ನ ದೊಡ್ಡ ದೇಹವನ್ನು ಇವನಿಗೂ ಶೆಡ್ಡಿಗೂ ನಡುವೆ ಅಡ್ಡ ನಿಲ್ಲಿಸಿ, "ಮೊದ್ಲು ಗುಂಡಿ ಹಾಕ್ಕೊಳಿ," ಎಂದ ಮೆಲ್ಲಗೆ. ಆಮೇಲೆ ಅತ್ತ ತಿರುಗಿ ದನಿ ಎತ್ತಿದ. "ಎಲ್ಲ ತಟ್ಟೆ ತಗೊಂಡು ಆಚೆ ಬನ್ನಿ. ನಮ್ಮ ಭಾವ ಹೇಳ್ತಿದಾರೆ." "ಏನಪ್ಪಾ ಡ್ರೈವರ್, ನೀನೂ ಶುರು ಹಚ್ಕೊಂಡ್ಯಾ?" ಎಂದ ಮೇಸ್ತ್ರಿ. "ನಗೋದು ಆಮೇಲೆ ನಗೋಣ. ಈಗ ಏಳಿ. ಯಾರು ಏಳಲ್ವೋ ಅವರನ್ನ ನಾನೇ ಎತ್ತಿ ತರ್ತೀನಿ." ಅವನು ನಂಬಿದ್ದನೆಂದು ಇವನಿಗೆ ಅನ್ನಿಸಲಿಲ್ಲ. ನಂಬಿದವರ ದನಿ ಹಾಗಿರುವುದಿಲ್ಲ. ಮನೆಯವನೊಬ್ಬ ಹತ್ತು ಜನರೆದುರು ಇನ್ನಷ್ಟು ಬೀಳದಿರಲಿ ಎಂದು ಮುಂದೆ ಬಂದು ನಿಂತವನ ದನಿ ಅದು. ಜನ ಗೊಣಗುತ್ತಾ, ತಟ್ಟೆ ಹಿಡಿದುಕೊಂಡು, ಒಬ್ಬೊಬ್ಬರಾಗಿ ಬಿಸಿಲಿಗೆ ಬಂದರು. ಅಡಿಗೆಯವಳು, "ಒಲೆ ಮೇಲೆ ಇಟ್ಟಿದೀನಿ, ಸೀದು ಹೋಗುತ್ತೆ," ಎನ್ನುತ್ತಾ ಕೊನೆಯಲ್ಲಿ ಬಂದಳು.

"ಹಾರೆ ಕೊಡಿ," ಎಂದರು ಮೇಡಂ. "ನೋಡೇಬಿಡೋಣ." ಗುಬ್ಬಿ ಆಳೆತ್ತರದ ಹಾರೆ ಹಿಡಿದು ಶೆಡ್ಡಿನ ಬಾಯಲ್ಲಿ ನಿಂತ. ಇವನು ಹತ್ತಿರ ಹೋಗಿ ಅವನ ಬೆಲ್ಟನ್ನು ಹಿಂದಿನಿಂದ ಎರಡು ಕೈಯಲ್ಲೂ ಹಿಡಿದುಕೊಂಡ. ಗುಬ್ಬಿ ತಿರುಗಿ ನೋಡಿದನೇ ಹೊರತು ಬಿಡಿ ಎನ್ನಲಿಲ್ಲ. ಮೊದಲ ಪೆಟ್ಟಿಗೆ ಹಾರೆ ಗೇಣುದ್ದ ಇಳಿಯಿತು. ಎರಡನೆಯದಕ್ಕೂ ಅಷ್ಟೇ. ಬೀಳಲಿ ಎಂದ ದನಿ ಎಲ್ಲಾದರೂ ಇದೆಯೇ ಎಂದು ಅವನು ಒಳಗೆ ಕಿವಿಗೊಟ್ಟ. ಬೇಡ, ಬೇಡ ಎಂಬ ಬಡಿತ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕಲ್ಲು ಸಿಗಲಿ, ಎಲ್ಲರೂ ನಗಲಿ, ಹೊಟ್ಟೆ ತುಂಬ ನಗಲಿ. ಮೂರನೆಯ ಪೆಟ್ಟಿಗೆ ಹಾರೆ ನಿಲ್ಲಲಿಲ್ಲ. ಗುಬ್ಬಿಯ ಅಂಗೈಗಳ ನಡುವಿನಿಂದ ಜಾರಿ, ತುದಿಯವರೆಗೂ ಜಾರಿ, ನೆಲದೊಳಗೆ ಹೋಗಿಬಿಟ್ಟಿತು. ಒಂದು ಪುಟ್ಟ ಕಪ್ಪು ತೂತು ಉಳಿಯಿತು. ಇನ್ನು ಸದ್ದೇ ಬರುವುದಿಲ್ಲವೇನೋ ಎನ್ನುವಷ್ಟು ಹೊತ್ತಾದ ಮೇಲೆ, ಬಹಳ ಕೆಳಗೆ, ಕಲ್ಲಿಗೆ ಕಬ್ಬಿಣ ತಾಗಿದ ಸದ್ದು, ಅದರ ಹಿಂದೆಯೇ ನೀರಿನ ಸದ್ದು.

ಅವನು ಬೆಲ್ಟು ಹಿಡಿದು ಎಳೆದ. ಇಬ್ಬರೂ ಹಿಂದಕ್ಕೆ ಬಿದ್ದರು. ತೂತಿನ ಸುತ್ತಲಿನ ಮಣ್ಣು ಜರಡಿಯ ಹಿಟ್ಟಿನಂತೆ ಒಳಗೆ ಸುರಿಯತೊಡಗಿತು. ತೂತು ತಟ್ಟೆಯಷ್ಟಾಯಿತು, ಮೊರದಷ್ಟಾಯಿತು. ಒಲೆಯ ಒಂದು ಕಲ್ಲು ವಾಲಿತು. ಮೇಲಿದ್ದ ದೊಡ್ಡ ಪಾತ್ರೆ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಮುಚ್ಚಳದ ಸಮೇತ ಬಗ್ಗಿ ಇಳಿದು ಹೋಯಿತು. ಶೆಡ್ಡಿನ ಒಂದು ಕಂಬ ಗಾಳಿಯಲ್ಲಿ ತೂಗಾಡಿ ನಿಂತಿತು. ಅಷ್ಟಕ್ಕೆ ಮಣ್ಣು ಸುಮ್ಮನಾಯಿತು. "ದೂರ, ಇನ್ನೂ ದೂರ ಬನ್ನಿ," ಎನ್ನುತ್ತಿದ್ದರು ಮೇಡಂ; ಅವರ ಕೈಯಲ್ಲಿನ್ನೂ ತಟ್ಟೆ ಇತ್ತು. ಜನ ಜೀಪಿನ ದಾರಿಯವರೆಗೆ ಸರಿದರು. ಮೇಸ್ತ್ರಿ ಕೂತುಬಿಟ್ಟಿದ್ದ. ಮೇಡಂ ಹತ್ತಿರ ಬಂದು, ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನ ಕೈಯಿಂದ ಅಳತೆಯ ಉಪಕರಣ ತೆಗೆದುಕೊಳ್ಳುತ್ತಿದ್ದ ಹುಡುಗಿಯ ದನಿಯಲ್ಲಿ, "ಪುಣ್ಯ ಸಾರ್, ಈ ಹಾಳೆ ಇವತ್ತೇ ಸಿಕ್ತು," ಎಂದರು. ಅವನು, "ಇವತ್ತಲ್ಲ ಮೇಡಂ," ಎಂದ. "ಸೋಮವಾರ." ಅವರು ಕೇಳಿಸಿಕೊಂಡರು. ಕೇಳಿಸಿಕೊಂಡದ್ದು ಅವರ ಮುಖದಿಂದ ತಿಳಿಯಿತು. ಒಂದು ಸಲ ಅವನನ್ನು ದಿಟ್ಟಿಸಿ ನೋಡಿ, ಫೋನು ಕಿವಿಗಿಟ್ಟುಕೊಂಡು ಸಿಗ್ನಲ್ ಹುಡುಕುತ್ತಾ ಅತ್ತ ಹೋದರು. ನಾಳೆ ವಿಚಾರಿಸುತ್ತಾರೆ, ಬೈಯದೆ.

ಗುಬ್ಬಿ ಬಂದು ಅವನ ಪಕ್ಕ ನೆಲದ ಮೇಲೆ ಕೂತ. ಹಾರೆ ಜಾರಿದ ಅಂಗೈಗಳು ಉಜ್ಜಿ ಕೆಂಪಾಗಿದ್ದವು. ಅವುಗಳನ್ನು ಮಗುಚಿ ಮಗುಚಿ ನೋಡಿಕೊಂಡ. ಕತ್ತಿನವರೆಗೂ ಮೈ ಬೆವರಿ, ಹತ್ತಿ ಕೂತ ಮಣ್ಣಿನ ಪುಡಿ ಮಿನುಗುತ್ತಿತ್ತು. ಆಮೇಲೆ ಚಿಕ್ಕ ಹುಡುಗನ ದನಿಯಲ್ಲಿ, "ಭಾವ," ಎಂದ.

"ಹೂಂ."

"ಅಕ್ಕನಿಗೆ ಹೇಳ್ಬೇಡಿ."

ಅವನು ಗುಬ್ಬಿಯ ಮುಖ ನೋಡಿದ. ಕಾಣಬೇಕೆಂದು ಬಯಸಿದ್ದ ಹೆದರಿಕೆ ಅಲ್ಲಿತ್ತು. ಅದನ್ನು ಮುಚ್ಚಿಕೊಳ್ಳುವ ಗೋಜಿಗೂ ಗುಬ್ಬಿ ಹೋಗಿರಲಿಲ್ಲ.

"ಹೇಳಲ್ಲ," ಎಂದ.

ಗುಬ್ಬಿ ಉಸಿರು ಬಿಟ್ಟು, ಆ ದೊಡ್ಡ ತಲೆಯನ್ನು ಇವನ ಭುಜದ ಮೇಲೆ ಇಟ್ಟ. ಭುಜ ಸಣ್ಣದು, ಭಾರ ಬಹಳ. ಅವನು ಒಂದು ಕೈಯನ್ನು ಹಿಂದೆ ನೆಲಕ್ಕೆ ಊರಿಕೊಂಡು, ಅಲುಗಾಡದೆ ಕೂತ.